ರಿವರ್ಸ್ ಗೇರು ಮುಟ್ಟದ ಸಿದ್ಧಾರೂಢ

ಹಿಂದಿನ ಕಾಲದಲ್ಲಿ ರಣರಂಗದಲ್ಲಿ ಬೆನ್ನು ತೋರಿಸದೆ ಮಡಿದವನಿಗೆ ಊರಿನವರು ಕಲ್ಲು ನಿಲ್ಲಿಸುತ್ತಿದ್ದರು. ಈಗ ಅಂಥ ವೀರರು ಎಲ್ಲಿದ್ದಾರೆ ಎಂದು ಕೊರಗುವವರು ಒಮ್ಮೆ ಕ್ಯಾಲಿಫೋರ್ನಿಯಾದ ನೆವಾರ್ಕಿಗೆ ಬಂದು ಹೋಗಬೇಕು. ಅಲ್ಲಿ ಸಿದ್ಧಾರೂಢ ಮುಳಗುಂದ ಎಂಬ ಒಬ್ಬ ಮನುಷ್ಯನಿದ್ದಾನೆ. ಗದಗಿನ ಕಡೆಯವನು. ವಯಸ್ಸು ಐವತ್ತರ ಆಸುಪಾಸು, ಹೊಟ್ಟೆ ಸ್ವಲ್ಪ ಮುಂದೆ, ಮಾತು ಸ್ವಲ್ಪ ಹಿಂದೆ. ಈ ದೇಶದಲ್ಲಿ ಕಾರು ಕೊಂಡ ದಿನದಿಂದ ಅವನು ಒಮ್ಮೆಯೂ ಗಾಡಿಯನ್ನು ಹಿಂದಕ್ಕೆ ಬಿಟ್ಟವನಲ್ಲ. ಅವನ ಹಳೆಯ ಬೆಳ್ಳಿ ಬಣ್ಣದ ಕಾರಿನಲ್ಲಿ ರಿವರ್ಸ್ ಗೇರು ಎಂಬುದೊಂದು ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೆಯೇ, ಮದುವೆಯಲ್ಲಿ ಬಂದ ಬೆಳ್ಳಿ ಲೋಟದ ಹಾಗೆ, ಉಪಯೋಗವಿಲ್ಲದೆ ಹೊಸದಾಗಿಯೇ ಉಳಿದಿದೆ. ಡ್ರೈವಿಂಗ್ ಪರೀಕ್ಷೆಯಲ್ಲಿ ಗಾಡಿ ಹಿಂದಕ್ಕೆ ಬಿಟ್ಟು ತೋರಿಸಲೇಬೇಕಲ್ಲ, ಅದನ್ನು ಅವನು ಹೇಗೆ ದಾಟಿದ ಎಂದು ಕೇಳಬೇಡಿ. ಪುರಾಣ ಎಂದ ಮೇಲೆ ಒಂದು ಅಧ್ಯಾಯವಾದರೂ ಕಳೆದುಹೋಗಿರಬೇಕು.

ಅವನ ಮನೆಯ ಮುಂದೆ ಗ್ಯಾರೇಜಿನವರೆಗೆ ಹೋಗುವ ಒಳ್ಳೆಯ ಡ್ರೈವ್‌ವೇ ಇದೆ. ಆದರೆ ಅಲ್ಲಿಗೆ ನುಗ್ಗಿದ ಕಾರು ಹಿಂದಕ್ಕೇ ಬರಬೇಕು. ಆದ್ದರಿಂದ ಕಾರು ಬೀದಿಯಲ್ಲಿ ನಿಲ್ಲುತ್ತದೆ. ಡ್ರೈವ್‌ವೇಯಲ್ಲಿ ಅವನ ಹೆಂಡತಿ ನಿವೇದಿತಾ ಕುಂಡಗಳಲ್ಲಿ ಕರಿಬೇವು, ಮೆಂತ್ಯ, ಒಂದು ಹೀರೆಯ ಚಪ್ಪರ ಬೆಳೆಸಿದ್ದಾಳೆ. ಬೆರ್ರಿಯೆಸಾ ರೈಲು ಸ್ಟೇಷನ್ನಿನ ಪಾರ್ಕಿಂಗ್ ಕಟ್ಟಡದಲ್ಲಿ ಅವನು, ಮುಂದೆ ಹಿಂದೆ ಎರಡೂ ಜಾಗ ಖಾಲಿಯಿರುವ ಕಡೆ ಸಿಗುವವರೆಗೆ ಅಂತಸ್ತಿನ ಮೇಲೆ ಅಂತಸ್ತು ಏರುತ್ತಾ ಹೋಗುತ್ತಾನೆ. ಎಷ್ಟೋ ಸಲ ತಾರಸಿಯ ಬಿಸಿಲಿನಲ್ಲಿ ಅವನ ಕಾರೊಂದೇ, ಗೋಪುರದ ಕಳಶದ ಹಾಗೆ ಹೊಳೆಯುತ್ತಿರುತ್ತದೆ. ಪಾಲೋ ಆಲ್ಟೋದ ಆಫೀಸಿನಲ್ಲಿ ಮೂಲೆಯ ಜಾಗವೊಂದರಿಂದ ಮಾತ್ರ ನೇರವಾಗಿ ಹೊರಬರಬಹುದು. ಅದಕ್ಕಾಗಿ ಅವನು ಎಲ್ಲರಿಗಿಂತ ಮೊದಲು ಆಫೀಸು ಸೇರುತ್ತಾನೆ. ಇಷ್ಟು ಬೇಗ ಬರುವ ಮನುಷ್ಯ ಕಂಪನಿಯ ಮಾಲೀಕನೇ ಇರಬೇಕೆಂದು ಬಾಗಿಲ ಕಾವಲುಗಾರ ಇಂದಿಗೂ ಎದ್ದು ನಿಲ್ಲುತ್ತಾನೆ.

ತಮಾಷೆಯೆಂದರೆ ಆ ಆಫೀಸಿನಲ್ಲಿ ಅವನ ಕೆಲಸವೇ ಹಿಂದಕ್ಕೆ ತರುವುದು. ಹೊಸ ಸಾಫ್ಟ್‌ವೇರು ಬಿಡುಗಡೆಯಾಗಿ ಎಲ್ಲ ಕೆಟ್ಟು ಕೂತಾಗ, ಎಲ್ಲವನ್ನೂ ನಿನ್ನೆ ಇದ್ದ ಸ್ಥಿತಿಗೆ ಮರಳಿಸುವುದು. ಇಡೀ ಕಂಪನಿಯನ್ನು ಹಿಂದಕ್ಕೆ ಎಳೆದು ಬದುಕಿಸುವವನು, ತನ್ನ ಕಾರನ್ನು ಮಾತ್ರ ಒಂದು ಗೇಣೂ ಹಿಂದಕ್ಕೆ ಸರಿಸುವುದಿಲ್ಲ.

ಇದರ ಜೊತೆಗೆ ಇನ್ನೂ ಎರಡು ಲಕ್ಷಣಗಳನ್ನು ಭಕ್ತರು ಹೇಳುತ್ತಾರೆ. ಅವನನ್ನು ಯಾರಾದರೂ ಹಿಂದಿನಿಂದ ಕರೆದರೆ ತಲೆಯೊಂದನ್ನೇ ತಿರುಗಿಸುವವನಲ್ಲ. ಆನೆಯ ಹಾಗೆ ಇಡೀ ಮೈಯೇ ನಿಧಾನವಾಗಿ ತಿರುಗುತ್ತದೆ. ಮತ್ತು ಅವನ ಕಾರಿನ ಕನ್ನಡಿಗಳ ಮೇಲೆ ಪುಟ್ಟ ಪುಟ್ಟ ಗುಂಡು ಕನ್ನಡಿಗಳು ಅಂಟಿಕೊಂಡಿವೆ. ಒಳಗೆ ಕೂತರೆ ಬಳೆ ಅಂಗಡಿಯಲ್ಲಿ ಕೂತ ಹಾಗಾಗುತ್ತದೆ.

ಈ ಪುರಾಣವನ್ನು ಊರಿಗೆಲ್ಲ ಹರಡಿದವನು ಜಯರಾಮ್. ಮಂಡ್ಯದವನು, ಮುಳಗುಂದರ ಮನೆಯಿಂದ ಎರಡು ಮನೆ ಆಚೆ ಇದ್ದಾನೆ. ಅವನಿಗೆ ಭಾಷಣವೆಂದರೆ ಪ್ರಾಣ. ಕೇಳುವವರು ಒಬ್ಬರೇ ಇದ್ದರೂ ಸಾಕು, ಅವರು ಅರ್ಧಕ್ಕೆ ಎದ್ದು ಹೋದರೂ ನಡೆಯುತ್ತದೆ. ಕನ್ನಡ ಬಳಗದ ಪಿಕ್‌ನಿಕ್ಕಿನಲ್ಲಿ ಅವನು ಒಮ್ಮೆ ಮೈಕು ಹಿಡಿದು, "ಎಲ್ಲಾ ಲೀಡರ್‌ಶಿಪ್ಪು ಲೀಡರ್‌ಶಿಪ್ಪು ಅಂತೀರಲ್ಲ, ನಮ್ ಸಿದ್ದಣ್ಣನ್ನ ನೋಡಿ ಕಲೀರಿ. ಹಿಂದಕ್ಕೆ ನೋಡೋ ಮಾತೇ ಇಲ್ಲ! ಆ ಕನ್ನಡಿಗಳೇನು ಅಂದ್ಕೊಂಡ್ರಿ? ಆತ್ಮಾವಲೋಕನ ಕಣ್ರೀ, ಆತ್ಮಾವಲೋಕನ!" ಎಂದು ಘೋಷಿಸಿದ. ಸಿದ್ಧಾರೂಢ ಎದುರಿನ ಕುರ್ಚಿಯಲ್ಲಿ ಚಿತ್ರಾನ್ನ ತಿನ್ನುತ್ತಾ ಸುಮ್ಮನೆ ಕೂತಿದ್ದ. ಮೌನವನ್ನು ಜನ ವಿನಯ ಎಂದುಕೊಂಡರು. ಬರುವ ರಾಜ್ಯೋತ್ಸವಕ್ಕೆ ಅವನ ಸಂದರ್ಶನದ ವಿಡಿಯೋ ತೋರಿಸುವುದೆಂದು ಅವತ್ತೇ ನಿಶ್ಚಯವಾಯಿತು.

ವೀರನ ಹೆಂಡತಿಯ ಪಾಡು ಮಾತ್ರ ಬೇರೆ ಇತ್ತು.

ನಿವೇದಿತಾ ದೊಡ್ಡಬಳ್ಳಾಪುರದವಳು. ಚಿಕ್ಕವಳಿದ್ದಾಗ ಅವರ ಬೀದಿಯ ಟೈಲರ್ ಅಂಗಡಿಯ ಗೋಡೆಯಲ್ಲಿ ಒಂದು ಪೋಸ್ಟರು ಇತ್ತು: ಉದ್ದಕ್ಕೂ ಹಳದಿ ಮರಗಳು, ನೆಲದ ತುಂಬ ಹಳದಿ ಎಲೆ, ನಡುವೆ ಯಾರೂ ಇಲ್ಲದ ಒಂದು ದಾರಿ. ಲಂಗ ಬ್ಲೌಸಿನ ಅಳತೆ ಕೊಡಲು ನಿಂತಾಗಲೆಲ್ಲ ಅವಳು ಆ ದಾರಿಯಲ್ಲಿ ನಡೆದು ಬರುತ್ತಿದ್ದಳು. ಮದುವೆಯಾಗಿ ಅಮೆರಿಕಕ್ಕೆ ಹೊರಟಾಗ ಎಲ್ಲರೂ ಡಾಲರು, ಮನೆ, ಕಾರು ಅಂದರೆ ಅವಳ ತಲೆಯಲ್ಲಿದ್ದದ್ದು ಟೈಲರ್ ಅಂಗಡಿಯ ಗೋಡೆ.

ಆದರೆ ಬಂದು ಇಳಿದದ್ದು ನಮ್ಮ ನೆವಾರ್ಕಿನ ಕೊಲ್ಲಿಯ ತೀರಕ್ಕೆ. ಇಲ್ಲಿ ಋತುಗಳು ಎರಡೇ: ಮಳೆ ಬರುವ ನಾಲ್ಕು ದಿನ ಮತ್ತು ಉಳಿದದ್ದು. ಶರತ್ಕಾಲ ಬಂತೆಂದು ಗೊತ್ತಾಗುವುದು ಗ್ರೋಸರಿ ಅಂಗಡಿಯ ಮುಂದೆ ಕುಂಬಳಕಾಯಿ ರಾಶಿ ಬಿದ್ದಾಗ ಮತ್ತು ಕಾಫಿಯಲ್ಲಿ ದಾಲ್ಚಿನ್ನಿ ವಾಸನೆ ಹೊಡೆದಾಗ. ನಿವೇದಿತಾಳ ಬಳಗಕ್ಕೆಲ್ಲ ಗೊತ್ತಿದ್ದ ಕೆಂಪು ಮರವೆಂದರೆ ಒಂದೇ, ಬೆರ್ರಿಯೆಸಾದಲ್ಲಿ ಒಂದು ಪಾರ್ಕಿಂಗ್ ಜಾಗದ ಅಂಚಿನಲ್ಲಿ. ಅಕ್ಟೋಬರ್ ಬಂತೆಂದರೆ ಅದರ ಕೆಳಗೆ ರೇಷ್ಮೆ ಸೀರೆಗಳ ಸಾಲು. ಒಂದು ಕುಟುಂಬ ಮರವನ್ನು ಅಪ್ಪಿಕೊಂಡು ನಗುವಾಗ ಮುಂದಿನ ಕುಟುಂಬ ಲಿಪ್‌ಸ್ಟಿಕ್ ಹಚ್ಚಿಕೊಳ್ಳುತ್ತದೆ. ನಿವೇದಿತಾ ಕೂಡ ಪ್ರತಿ ವರ್ಷ ಅಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದಾಳೆ. ಪ್ರತಿ ವರ್ಷವೂ ಹಿಂದೆ ಯಾರದೋ ವ್ಯಾನು ಬಂದಿದೆ.

ನಾಲ್ಕು ತಾಸು ದೂರದ ಸಿಯೆರಾ ಬೆಟ್ಟಗಳಲ್ಲಿ ಆಸ್ಪೆನ್ ಎಂಬ ಮರಗಳ ಕಾಡೇ ಇದೆ, ಇಡೀ ಕಣಿವೆ ಬಂಗಾರವಾಗುತ್ತದೆ ಎಂದು ಅವಳು ಕೇಳಿದ್ದಳು. ಪ್ರತಿ ವರ್ಷ ಹೋಗೋಣ ಎನ್ನುತ್ತಿದ್ದಳು. ಪ್ರತಿ ವರ್ಷ ಸಿದ್ಧಾರೂಢ, "ಬೆಟ್ಟದಾಗ ಪಾರ್ಕಿಂಗ್ ಹೆಂಗಿರತೈತೋ ಏನೋ" ಎನ್ನುತ್ತಿದ್ದ. ಹೀಗೆ ಮಗಳು ತೇಜಸ್ವಿನಿ ಹುಟ್ಟಿ, ಡೇಕೇರು ದಾಟಿ, ಹೈಸ್ಕೂಲು ಸೇರಿದಳು. ಈ ವರ್ಷ ನಿವೇದಿತಾ ಊಟ ಬಡಿಸುತ್ತಾ ತಣ್ಣಗೆ ಹೇಳಿದಳು:

"ಶನಿವಾರ ಸಂಜೆಯಿಂದ ಅಲ್ಲಿ ದೊಡ್ಡ ಗಾಳಿಯಂತೆ. ಗಾಳಿ ಬಂದ್ರೆ ಎಲೆ ಎಲ್ಲಾ ಉದುರಿ ಹೋಗುತ್ತೆ. ಶನಿವಾರ ನೀವು ಕರ್ಕೊಂಡು ಹೋಗ್ತೀರೋ, ನಾನು ಒಬ್ಳೇ ಹೋಗ್ಲೋ? ಇನ್ನೊಂದು ಸಲ ಆ ಬೆರ್ರಿಯೆಸಾ ಮರದ ಕೆಳಗೆ ನಾನು ನಿಲ್ಲಲ್ಲ. ಇದು ಕೊನೇ ಮಾತು."

ಸಿದ್ಧಾರೂಢ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಅವನ ತಾಯಿ ಈರವ್ವ ಬೇಸಿಗೆಯಿಂದ ಮಗನ ಮನೆಯಲ್ಲೇ ಇದ್ದಳು. ಅವಳು ತನ್ನ ಷರತ್ತುಗಳನ್ನು ಆಗಲೇ ಮುಂದಿಟ್ಟಳು: "ನಾ ಹೊರಗಿಂದು ತಿನ್ನಂಗಿಲ್ಲ. ಮಂದಿ ಹೋದ ಬಚ್ಚಲಕ್ಕ ಹೋಗಂಗಿಲ್ಲ. ಅಡಗಿಮನಿ, ಬಚ್ಚಲ ಎರಡೂ ಸಂಗಾಟ ತರ್ರಿ, ಬರ್ತೀನಿ."

ಅಡುಗೆಮನೆ, ಬಚ್ಚಲು ಎರಡನ್ನೂ ಸಂಗಡ ಒಯ್ಯುವ ವಾಹನ ಈ ದೇಶದಲ್ಲಿದೆ. ಅದಕ್ಕೆ ಆರ್‌ವಿ ಎನ್ನುತ್ತಾರೆ. ಮನೆಯೊಂದು ಬಸ್ಸನ್ನು ನುಂಗಿ ಅರಗಿಸಿಕೊಳ್ಳಲಾಗದೆ ನಿಂತ ಹಾಗಿರುತ್ತದೆ. ಬಾಡಿಗೆಗೆ ಕೊಡುವವನು ಸಿದ್ಧಾರೂಢನಿಗೆ ಒಲೆ ತೋರಿಸಿದ, ಫ್ರಿಜ್ಜು ತೋರಿಸಿದ, ಮಡಚುವ ಮಂಚ ತೋರಿಸಿದ. ಸಿದ್ಧಾರೂಢ ಗಂಟು ಮುಖದಲ್ಲೇ ನಿಂತಿದ್ದ. ಕೊನೆಗೆ ಬಾಡಿಗೆಯವನು ಗಾಡಿಯ ಬೆನ್ನಿನ ಮೇಲ್ಭಾಗದಲ್ಲಿದ್ದ ಗೋಲಿಯಷ್ಟು ದೊಡ್ಡ ಗಾಜಿನ ಕಣ್ಣು ತೋರಿಸಿದ. ರಿವರ್ಸ್ ಹಾಕಿದರೆ ಹಿಂದಿನದೆಲ್ಲ ಮುಂದಿನ ಪರದೆಯಲ್ಲಿ ಕಾಣುತ್ತದೆ, ನೀವು ತಿರುಗಿ ನೋಡುವುದೇ ಬೇಡ ಎಂದ. ಸಿದ್ಧಾರೂಢನ ಮುಖ ಮಲ್ಲಿಗೆಯಂತೆ ಅರಳಿತು. "ಎಲ್ಲಿ ಸಹಿ ಮಾಡ್ಲಿ?" ಎಂದ. ಎರಡನೇ ಡ್ರೈವರ್ ಎಂದು ನಿವೇದಿತಾಳ ಹೆಸರನ್ನೂ ಬರೆಸಿದ. ಆ ಅರಳಿದ ಮುಖದ ಗುಟ್ಟು ಯಾರಿಗೂ ತಿಳಿಯಲಿಲ್ಲ. ಆರ್‌ವಿ ಕಂಡರೆ ಗಂಡಸರೆಲ್ಲ ಹೀಗೇ ಎಂದುಕೊಂಡಳು ನಿವೇದಿತಾ.

ಶನಿವಾರ ಮುಂಜಾನೆ ಮನೆ ಮುಂದಿನ ಬೀದಿಯಲ್ಲಿ ಆರ್‌ವಿಗೆ ಪೂಜೆಯಾಯಿತು. ಬಾಡಿಗೆ ಗಾಡಿಗೆ ಪೂಜೆ ಯಾಕೆ ಎಂದು ತೇಜಸ್ವಿನಿ ಕೇಳಿದ್ದಕ್ಕೆ ಈರವ್ವ, "ಗಾಡಿ ಬಾಡಿಗಿದು. ಒಳಗ ಕುಂಡ್ರೋ ಜೀವ ನಮ್ಮವು" ಎಂದಳು. ಗಾಜಿನ ಮೇಲೆ ವಿಭೂತಿಯ ಮೂರು ಪಟ್ಟೆ ಬಿದ್ದವು. ಗಾಲಿಗೊಂದರಂತೆ ನಿಂಬೆಹಣ್ಣು ಕೂತವು. ಕಾಯಿ ಒಡೆಯಿತು. ಎದುರು ಮನೆಯ ಬಿಳಿಯ ಮುದುಕ ನಾಯಿ ಹಿಡಿದುಕೊಂಡು ನಿಂತು, ಕೊನೆಯಲ್ಲಿ ತಾನೂ ಕೈ ಮುಗಿದ.

ಈರವ್ವ ಅರಿಶಿನ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿಕೊಂಡು ಮುಂದಿನ ಎರಡು ದೀಪಗಳಿಗೆ ಹಚ್ಚಿದಳು. ಆಮೇಲೆ ಪ್ರದಕ್ಷಿಣೆ ಬರುತ್ತಾ ಗಾಡಿಯ ಬೆನ್ನಿನ ಕಡೆ ನಿಂತು ತಲೆಯೆತ್ತಿದಳು.

"ತೇಜೂ, ಅಲ್ಲಿ ಮ್ಯಾಲೊಂದು ಕಣ್ಣ ಐತಿ ನೋಡು. ಎರಡು ಕಣ್ಣಿಗೆ ಹಚ್ಚಿ ಮೂರನೇ ಕಣ್ಣು ಹಂಗ ಬಿಡಬಾರದು. ಏಣಿ ಹತ್ತಿ ಹಚ್ಚು ಬಾ."

"ಅಜ್ಜಿ, ಆರ್ ಯೂ ಶ್ಯೂರ್?"

"ತುಂಬ ಹಚ್ಚು. ದೇವರಿಗೆ ಕಂಜೂಸತನ ಮಾಡಬ್ಯಾಡ."

ತೇಜಸ್ವಿನಿ ಹಿಂದಿನ ಏಣಿ ಹತ್ತಿ, ಬೆರಳಿನಿಂದ ಉದಾರವಾಗಿ ಬಳಿದು, ಫೋನು ನೋಡುತ್ತಾ ಇಳಿದಳು. ಆ ಹೊತ್ತಿಗೆ ವೀರನು ಸ್ಟೇರಿಂಗ್ ಮುಂದೆ ಕೂತು ಎದುರಿನ ರಸ್ತೆಯನ್ನು ದಿಟ್ಟಿಸುತ್ತಿದ್ದ. ನಿಂಬೆಹಣ್ಣುಗಳು ಚಪ್ಪಟೆಯಾದವು. ಗಾಡಿ ಹೊರಟಿತು. ಹೊರಡುವ ಕ್ಷಣದಲ್ಲಿ ಜಯರಾಮ್ ಒಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಓಡಿ ಬಂದು ಹತ್ತಿದ. ಅವನ ಹೆಂಡತಿ ಮಕ್ಕಳು ಮಂಡ್ಯಕ್ಕೆ ಹೋಗಿದ್ದರು. ಮಾತು ಕೇಳುವವರಿಲ್ಲದೆ ಅವನು ವಾರದಿಂದ ಸೊರಗಿದ್ದ.

"ಸಿದ್ದಣ್ಣ, ರಾಜ್ಯೋತ್ಸವದ ವಿಡಿಯೋ ದಾರೀಲೇ ಮಾಡ್ಬುಡಣ. ಬ್ಯಾಕ್‌ಗ್ರೌಂಡಲ್ಲಿ ಬೆಟ್ಟ ಗುಡ್ಡ ಇರ್ತವೆ."

"ಆಮ್ಯಾಲೆ ನೋಡೋಣ್ರಿ" ಎಂದ ಸಿದ್ಧಾರೂಢ.

ಫ್ರೀವೇಯಲ್ಲಿ ಆರ್‌ವಿ ದಿಬ್ಬಣದ ಗಾಡಿಯಂತೆ ಬಲಗಡೆಯ ಸಾಲು ಹಿಡಿದು ಸಾಗಿತು. ಒಳಗೆ ತಟ್ಟೆ ಲೋಟಗಳು ಒಂದೇ ಸಮನೆ ಭಜನೆ ಮಾಡುತ್ತಿದ್ದವು. ಈರವ್ವ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದಲ್ಲಿ ಹಾದುಹೋಗುವ ಲಾರಿಗಳಿಗೆ ದಾರಿ ಬಿಡುವಂತೆ ಕೈಸನ್ನೆ ಮಾಡುತ್ತಿದ್ದಳು. ಬಯಲು ಮುಗಿಯಿತು, ಬೆಟ್ಟ ಹತ್ತಿತು, ತಿರುವುಗಳು ಬಂದವು. ಅರ್ಧ ಬೆಟ್ಟದಲ್ಲಿ ಜಯರಾಮನ ಮಾತು ನಿಂತು ಮುಖ ಬಿಳಿಚಿತು. ಈರವ್ವ ಅವನ ಕೈಗೆ ಒಂದು ನಿಂಬೆಹಣ್ಣು ಕೊಟ್ಟು ಮೂಸುತ್ತಾ ಇರು ಎಂದಳು. ಕಣಿವೆಯ ಮೇಲಿನ ಘಟ್ಟ ದಾಟಿದಾಗ ಅವನಿಗೆ ಮತ್ತೆ ಮಾತು ಬಂತು.

ಅದೇ ಹೊತ್ತಿಗೆ ನಿವೇದಿತಾ ಕೂಗಿದಳು.

"ಅಯ್ಯೋ ರೀ! ನೋಡ್ರೀ ಅಲ್ಲಿ!"

ರಸ್ತೆಯ ಎಡಕ್ಕೆ ಬಿಳಿ ಕಾಂಡದ ಮರಗಳ ಒಂದು ಗುಂಪು, ತುದಿಯಿಂದ ಬುಡದವರೆಗೆ ಹಳದಿ. ಮಧ್ಯಾಹ್ನದ ಬಿಸಿಲು ಒಳಗಿನಿಂದಲೇ ಬರುತ್ತಿದೆಯೇನೋ ಎನ್ನುವಂತೆ ಉರಿಯುತ್ತಿತ್ತು. ಪಕ್ಕದಲ್ಲೇ ಗಾಡಿ ನಿಲ್ಲಿಸುವ ಜಾಗ.

"ನಿಲ್ಲಿಸಿ, ನಿಲ್ಲಿಸಿ!"

"ಇಲ್ಲಿ ಒಳಗ ಹೋದ್ರ ಹೊರಗ ಬರಾಕ ಬರಂಗಿಲ್ಲ" ಎಂದ ಸಿದ್ಧಾರೂಢ. ಗಾಡಿ ನಿಲ್ಲಲಿಲ್ಲ. "ಮುಂದ ಇನ್ನೂ ಚಂದ ಇರತೈತಿ."

ಮುಂದೆ ಇನ್ನೂ ಚಂದ ಇತ್ತು. ಅಲ್ಲಿಯೂ ಹಿಂದಕ್ಕೇ ಬರಬೇಕಿತ್ತು. ಮೂರನೆಯ ಜಾಗದಲ್ಲಿ ನೇರವಾಗಿ ಒಳಹೊಕ್ಕು ನೇರವಾಗಿ ಹೊರಬರಬಹುದಿತ್ತು. ಆದರೆ ಅಲ್ಲಿ ಆಗಲೇ ನಮ್ಮ ಪಕ್ಕದೂರು ಫ್ರಿಮಾಂಟಿನಿಂದ ಬಂದ ನಾಲ್ಕಾರು ಕುಟುಂಬಗಳು ಗಾಡಿಗಳನ್ನು ಅಡ್ಡ ನಿಲ್ಲಿಸಿ, ಚಾಪೆ ಹಾಸಿ, ಬಂಗಾರದ ಕಾಡಿಗೆ ಬೆನ್ನು ಹಾಕಿ ಅಂತ್ಯಾಕ್ಷರಿ ಆಡುತ್ತಿದ್ದವು. ಹೀಗೆ ಟೈಲರ್ ಅಂಗಡಿಯ ಪೋಸ್ಟರು ನಿವೇದಿತಾಳ ಕಿಟಕಿಯಾಚೆ ಒಂದು ಹಳದಿ ಗೆರೆಯಾಗಿ ಓಡಿಹೋಗುತ್ತಿತ್ತು. ಅವಳು ಗಾಜಿಗೆ ಅಂಗೈ ಒತ್ತಿ ಕೂತಳು.

"ಸಿದ್ದಣ್ಣ, ಬುಡಿ, ನನ್ ಮಾತ್ ಕೇಳಿ" ಎಂದ ಜಯರಾಮ್ ಫೋನಿನ ನಕ್ಷೆ ತೋರಿಸುತ್ತಾ. "ಇಲ್ಲೊಂದು ಮಣ್ಣು ರಸ್ತೆ ಅದೆ. ಒಳಗಡೆ ಹೋದ್ರೆ ಒಬ್ಬ ನರಮನ್ಷ ಇರಕ್ಕಿಲ್ಲ. ಆ ಕಡೆಯಿಂದ ಮತ್ತೆ ಮೇನ್ ರೋಡಿಗೇ ಸೇರ್ತದೆ. ರಿವರ್ಸ್ ಮಾತೇ ಇಲ್ಲ!"

ಕೊನೆಯ ಮಾತು ಸಾಕಾಯಿತು. ಸಿದ್ಧಾರೂಢ ತಿರುಗಿಸಿದ. ಮಣ್ಣು ರಸ್ತೆಯ ಬಾಯಲ್ಲೇ ಒಂದು ಹುಲ್ಲುಗಾವಲು, ಅದರ ಅಂಚಿಗೆ ಅತ್ಯಂತ ಹಳದಿಯ, ಅತ್ಯಂತ ದಟ್ಟವಾದ ತೋಪು. "ಇಲ್ಲೇ, ರೀ, ಇಲ್ಲೇ!" ಎಂದಳು ನಿವೇದಿತಾ. "ಮುಂದ" ಎಂದ ಅವನು. ತೋಪು ಹಿಂದೆ ಸರಿಯಿತು. ರಸ್ತೆ ಕಿರಿದಾಯಿತು. ಎರಡೂ ಕಡೆ ಪೈನ್ ಮರಗಳು ಒತ್ತಿಕೊಂಡು ಬಂದವು, ವರ್ಷವಿಡೀ ಹಸಿರಾಗಿರುವ, ಎಲೆ ಉದುರಿಸುವ ಅಭ್ಯಾಸವೇ ಇಲ್ಲದ ಮರಗಳು. ಒಂದು ತಿರುವು ದಾಟಿದ್ದೇ ಗಾಡಿ ನಿಂತಿತು.

ಎದುರಿಗೆ ಕಬ್ಬಿಣದ ಗೇಟು. ಗೇಟಿಗೆ ಬೀಗ. ಬೀಗಕ್ಕೆ ತುಕ್ಕು.

ಪೈನ್ ಮರಗಳ ತುದಿಯಲ್ಲಿ ಸುಯ್ ಎಂದು ಮೊದಲ ಗಾಳಿ ಬೀಸಿತು.

"ಗಾಳಿ ಶುರುವಾಯ್ತು" ಎಂದಳು ನಿವೇದಿತಾ. ಬೈಯಲಿಲ್ಲ. ಬೈದಿದ್ದರೆ ಎಲ್ಲರಿಗೂ ಸ್ವಲ್ಪ ಸಮಾಧಾನವಾಗುತ್ತಿತ್ತು.

ಜಯರಾಮ್ ಗಂಟಲು ಸರಿಮಾಡಿಕೊಂಡ. "ಮ್ಯಾಪಲ್ಲಿ ಈ ಗೇಟು ಇಲ್ಲ ಕಣಣ್ಣ."

ತೋಪಿಗೆ ಹೋಗಲು ದಾರಿ ಒಂದೇ: ಬಂದ ದಾರಿಯಲ್ಲೇ ಹಿಂದಕ್ಕೆ. ನಡೆದುಕೊಂಡು ಹೋಗೋಣವೆಂದರೆ ಈರವ್ವನ ಮಂಡಿ ಕೇಳುವುದಿಲ್ಲ. ಅವಳನ್ನು ಕಾಡಿನಲ್ಲಿ ಬಿಟ್ಟು ಹೋಗಲು ನಿವೇದಿತಾ ಒಪ್ಪುವುದಿಲ್ಲ. ಜೊತೆಗೆ ಗಾಡಿಯನ್ನು ಹೇಗೂ ಹೊರಗೆ ತರಲೇಬೇಕಲ್ಲ. ಎಲ್ಲರ ಕಣ್ಣೂ ಸಿದ್ಧಾರೂಢನ ಬೆನ್ನ ಮೇಲೆ ನೆಟ್ಟವು. ಆದರೆ ವೀರನು ಕಂಗೆಡಲಿಲ್ಲ. ಬದಲಿಗೆ ಅವನ ಮುಖದಲ್ಲಿ ಒಂದು ಗೂಢವಾದ ನಗು ಮೂಡಿತು, ಇದಕ್ಕೆಂದೇ ಅಸ್ತ್ರವೊಂದನ್ನು ಬಚ್ಚಿಟ್ಟುಕೊಂಡು ಬಂದವನ ನಗು.

"ಹಿಂದಕ್ಕ ಬಿಡ್ತೀನಿ" ಎಂದ.

ಜಯರಾಮ್ ಎದ್ದು ನಿಂತ. ಎದ್ದ ರಭಸಕ್ಕೆ ತಲೆ ಮೇಲಿನ ಕಪಾಟಿಗೆ ಹೊಡೆಯಿತು. "ತಡೀರಿ ತಡೀರಿ, ವಿಡಿಯೋ ಆನ್ ಮಾಡ್ತೀನಿ! ಇದು ಚರಿತ್ರೆ ಕಣ್ರವ್ವ, ಚರಿತ್ರೆ!"

ಸಿದ್ಧಾರೂಢ ಒಮ್ಮೆ ಕಣ್ಣು ಮುಚ್ಚಿದ, ಗೇರು ಎಳೆದ. ಪೀಂ ಪೀಂ ಎಂದು ಗಾಡಿ ಕೂಗತೊಡಗಿತು. ಮುಂದಿನ ಪರದೆ ಒಮ್ಮೆಲೇ ಬೆಳಗಿತು.

ಪರದೆಯ ತುಂಬ ಕೆಂಪು. ಅಂಚಿನಲ್ಲಿ ಕಿತ್ತಳೆ. ಮೂಲೆಗಳಲ್ಲಿ ಅಪ್ಪಟ ಅರಿಶಿನದ ಹಳದಿ. ಸಂಜೆಯ ಬಿಸಿಲು ಹಿಂದಿನಿಂದ ಬಿದ್ದು ಇಡೀ ಪರದೆ ಧಗಧಗಿಸುತ್ತಿತ್ತು.

ಈರವ್ವ ಮುಂದಕ್ಕೆ ಬಾಗಿ ಕಣ್ಣರಳಿಸಿದಳು. "ಅಯ್ಯ ಶಿವನ! ಎಷ್ಟ ಚಂದ ಐತಿ! ಇದನ್ನ ಏನು ನೀವು ನೋಡಾಕ ಬಂದದ್ದು? ಮತ್ತ ಇಷ್ಟೊತ್ತು ಯಾಕ ತೋರಿಸಲಿಲ್ಲೋ ಸಿದ್ದ್ಯಾ?"

"ಅಜ್ಜಿ" ಎಂದಳು ತೇಜಸ್ವಿನಿ, ಬಹಳ ಮೆಲ್ಲಗೆ. "ದಟ್ಸ್ ನಾಟ್ ಫಾಲ್ ಕಲರ್ಸ್. ದಟ್ಸ್ ಯುವರ್ ಕುಂಕುಮ."

ಸಿದ್ಧಾರೂಢನ ನಗು ನಿಧಾನವಾಗಿ ಇಳಿಯಿತು. ಅಸ್ತ್ರವನ್ನು ತಾಯಿಯೇ ಪೂಜೆ ಮಾಡಿ ಕೊಂದಿದ್ದಳು.

ಕುಂಕುಮ ಒರೆಸುವ ಹೊಣೆಯನ್ನು ಜಯರಾಮ್ ಕೇಳಿ ಪಡೆದ. ಏಣಿ ಹತ್ತಿ ಮೊದಲು ಕರ್ಚೀಫಿನಿಂದ ಒರೆಸಿದ, ಎಣ್ಣೆಯಾದ್ದರಿಂದ ಹರಡಿಕೊಂಡಿತು. ಒಳಗೆ ಪರದೆ ಕೆಂಪಿನಿಂದ ಕಿತ್ತಳೆಗೆ ಬಂತು. ಪೇಪರಿನಿಂದ ಒರೆಸಿದ, ಕಿತ್ತಳೆಯಿಂದ ಹಳದಿಗೆ ಬಂತು. ಬಣ್ಣ ಬದಲಿಸಲು ಕಾಡಿನ ಮರಗಳಿಗೆ ವಾರಗಟ್ಟಲೆ ಹಿಡಿಯುವ ಕೆಲಸವನ್ನು ಮಂಡ್ಯದ ಒಬ್ಬನೇ ಮನುಷ್ಯ ಕ್ಷಣದಲ್ಲಿ ತಲೆಕೆಳಗಾಗಿ ಮಾಡಿ ಮುಗಿಸುತ್ತಿದ್ದ. ನಿವೇದಿತಾ ಸೋಪಿನ ನೀರು ತರುವಷ್ಟರಲ್ಲಿ ಅವನು ಸಿಂಕಿನಲ್ಲಿದ್ದ ಪಾತ್ರೆ ತಿಕ್ಕುವ ಸ್ಟೀಲ್ ನಾರು ಹಿಡಿದು, ತಳ ಹಿಡಿದ ಪಾತ್ರೆಯನ್ನು ಉಜ್ಜುವಂತೆ ಗಸಗಸ ಉಜ್ಜಿದ್ದ.

"ಈಗ ನೋಡಣ್ಣ, ಹೆಂಗದೆ?" ಎಂದು ಕೂಗಿದ.

ಪರದೆಯಲ್ಲಿ ಬಿಳಿ ಮಂಜು. ಮೂರನೆಯ ಕಣ್ಣಿಗೆ ಪೊರೆ ಬಂದಿತ್ತು.

ಇನ್ನುಳಿದದ್ದು ಕನ್ನಡ ಜನರ ಪರಂಪರಾಗತ ವಿದ್ಯೆಯೊಂದೇ. ಜಯರಾಮ್ ಗಾಡಿಯ ಹಿಂದೆ ನಿಂತು ಅಂಗೈಯಿಂದ ಬಡಿಯುತ್ತಾ, "ಬರ್ಲಿ ಬರ್ಲಿ ಬರ್ಲಿ..." ಎಂದು ಶುರುಮಾಡಿದ. ಈರವ್ವ ಬಾಗಿಲಲ್ಲಿ ನಿಂತು, "ಹೋಲ್ಡಾನ್! ಗಿಡ ಐತಿ!" ಎಂದಳು. "ಲೆಫ್ಟಣ್ಣ, ಲೆಫ್ಟು!" "ಅಪ್ಪಾ, ಹಿಸ್ ಲೆಫ್ಟ್ ಆರ್ ಯುವರ್ ಲೆಫ್ಟ್?" "ಬಲಕ್ಕೋ ಮಗನ, ಬಲಕ್ಕ!" "ರೈಟ್ ರೈಟ್!" ಎಂದ ಜಯರಾಮ್, ಊರಿನ ಬಸ್ಸಿನಲ್ಲಿ ಅದಕ್ಕೆ ಮುಂದಕ್ಕೆ ಹೋಗು ಎಂದರ್ಥವಾದ್ದರಿಂದ ಗಾಡಿ ಮುಂದಕ್ಕೆ ಹೋಗಿ ಗೇಟಿಗೆ ಮುತ್ತಿಟ್ಟಿತು.

"ರೀ, ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡ್ರೀ!" ಎಂದಳು ನಿವೇದಿತಾ.

ಸಿದ್ಧಾರೂಢ ತಲೆ ಹೊರಗೆ ಹಾಕಿದ. ತಲೆ ಹೊರಗೆ ಬಂತು. ಆದರೆ ಹಿಂದಕ್ಕೆ ನೋಡಲಿಲ್ಲ. ಪಕ್ಕದಲ್ಲಿದ್ದ ಪೈನ್ ಮರವನ್ನು ನೇರವಾಗಿ, ಬಹಳ ಗೌರವದಿಂದ ನೋಡಿತು. ಮತ್ತೆ ಒಳಗೆ ಹೋಯಿತು.

"ಆ ಮರದಲ್ಲಿ ಏನಿದೆ?"

"ಏನಿಲ್ಲ."

ಇನ್ನೊಂದು ಗಾಳಿ ಬಂತು, ಮೊದಲಿನದಕ್ಕಿಂತ ದೊಡ್ಡದು. ತಿರುವಿನ ಆಚೆಯಿಂದ ಒಂದೇ ಒಂದು ಹಳದಿ ಎಲೆ ತೇಲಿಕೊಂಡು ಬಂದು ಗಾಡಿಯ ಗಾಜಿನ ಮೇಲೆ, ವಿಭೂತಿಯ ಪಟ್ಟೆಯ ಪಕ್ಕದಲ್ಲಿ ಅಂಟಿಕೊಂಡಿತು. ನಿವೇದಿತಾ ಅದನ್ನು ನೋಡಿದಳು. ಆಮೇಲೆ ಡ್ರೈವರ್ ಬಾಗಿಲು ತೆಗೆದಳು.

"ಇಳೀರಿ."

"ಏನು?"

"ಇಳೀರಿ ಅಂದೆ. ಪಕ್ಕದ ಸೀಟಲ್ಲಿ ಕೂತ್ಕೊಳ್ಳಿ. ಅತ್ತೆ, ನೀವೊಬ್ಬರೇ ಹೇಳಿ, ಬಲಗಡೆ ಏನಾದ್ರೂ ತಾಗುತ್ತಾ ಅಂತ. ಜಯರಾಮ್, ನೀವು ದಯವಿಟ್ಟು ಬಾಯಿ ಮುಚ್ಕೊಂಡು ನಡೀರಿ."

ಸಿದ್ಧಾರೂಢ ಇಳಿದ. ಇಳಿಯುವಾಗ ಅವನ ಮುಖದಲ್ಲಿ ಅವಮಾನವಿರಲಿಲ್ಲ. ಭಾರದ ಚೀಲ ಇಳಿಸಿದ ಹಮಾಲನ ಸುಖವಿತ್ತು. ನಿವೇದಿತಾ ಸೀಟು ಮುಂದಕ್ಕೆ ಎಳೆದುಕೊಂಡಳು. ಸೆರಗು ಸಿಕ್ಕಿಸಿ, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಕತ್ತನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದಳು. ಪೀಂ ಪೀಂ ಎನ್ನುತ್ತಾ ಗಾಡಿ ಹಿಂದಕ್ಕೆ ಹೊರಟಿತು. "ತಾಗಂಗಿಲ್ಲ... ತಾಗಂಗಿಲ್ಲ... ಹಾಂ, ಒಂಚೂರು ಅಲ್ಲೇ ನಿಂದ್ರು... ಈಗ ಬಾ ನನ್ನವ್ವ" ಎಂದು ಈರವ್ವ ಲಾಲಿ ಹಾಡುವಂತೆ ಹೇಳುತ್ತಿದ್ದಳು. ತಿರುವಿನಲ್ಲಿ ಒಂದು ಕೊಂಬೆ ಗಾಡಿಯ ಚಾವಣಿಯನ್ನು ಗೀರಿತು. ಅವಳು ನಿಲ್ಲಿಸಲಿಲ್ಲ. ಪೈನ್ ಮರಗಳು ಮುಗಿದವು. ಬೆಳಕು ಬದಲಾಯಿತು.

ಹುಲ್ಲುಗಾವಲಿನಲ್ಲಿ ಗಾಡಿ ನಿಲ್ಲಿಸಿ, ಕೀಲಿಯನ್ನೂ ತೆಗೆಯದೆ, ನಿವೇದಿತಾ ಚಪ್ಪಲಿ ಕಳಚಿ ತೋಪಿನ ಕಡೆ ಓಡಿದಳು. ಅವಳು ಮರಗಳ ನಡುವೆ ತಲುಪುವುದಕ್ಕೂ ಆ ದೊಡ್ಡ ಗಾಳಿ ಬೆಟ್ಟ ಇಳಿದು ಬರುವುದಕ್ಕೂ ಸರಿಹೋಯಿತು. ಇಡೀ ತೋಪು ಒಮ್ಮೆ ಮೈ ಕೊಡವಿತು. ಎಲೆಗಳು ಉದುರಲಿಲ್ಲ, ಸುರಿದವು. ಸಾವಿರ ಸಾವಿರ ಹಳದಿ ಬಿಲ್ಲೆಗಳು ತಲೆಯ ಮೇಲೆ, ಹೆಗಲ ಮೇಲೆ, ಚಾಚಿದ ಕೈಗಳ ಮೇಲೆ. ನೆಲ ಹಳದಿಯಾಯಿತು. ನಡುವೆ ಒಂದು ದಾರಿ ಇತ್ತು. ಅದರಲ್ಲಿ ಯಾರೂ ಇರಲಿಲ್ಲ. ಅವಳು ಅದರಲ್ಲಿ ಅತ್ತ ನಡೆದಳು, ಇತ್ತ ನಡೆದಳು. ತೇಜಸ್ವಿನಿ ಫೋನು ಎತ್ತಿದವಳು ಒಂದೇ ಫೋಟೋ ತೆಗೆದು ಜೇಬಿಗಿಟ್ಟಳು. ಅದರಲ್ಲಿ ಅಮ್ಮನ ಮುಖ ಅಲುಗಾಡಿದೆ. ಹಿಂದೆ ಯಾರ ವ್ಯಾನೂ ಇಲ್ಲ.

ಈರವ್ವ ಗಾಡಿಯ ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ನೋಡಿದಳು. "ಎಲಿ ಉದುರೂದು ನೋಡಾಕ ಇಷ್ಟ ದೂರ ಬರಬೇಕಿತ್ತೇನು? ನಮ್ಮ ಹಿತ್ತಲದಾಗಿನ ಬೇವಿನ ಗಿಡ ದಿನಾ ಉದರತೈತಿ. ನಾನ ಕಸಾ ಹೊಡಿತೀನಿ" ಎಂದಳು. ಆಮೇಲೆ ಮಡಿಲಿಗೆ ಬಿದ್ದ ನಾಲ್ಕು ಎಲೆಗಳನ್ನು ಯಾರೂ ನೋಡದಂತೆ ರೊಟ್ಟಿಯ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಳು.

ಸಿದ್ಧಾರೂಢ ಹೆಂಡತಿಯ ಹತ್ತಿರ ಹೋಗಿ ನಿಂತ. "ಮೇಲೆ ನೋಡ್ರೀ, ಮೇಲೆ!" ಎಂದಳು ಅವಳು ನಗುತ್ತಾ. ಅವನು ಸುತ್ತ ಒಮ್ಮೆ ಇಡೀ ಮೈ ತಿರುಗಿಸಿ ನೋಡಿದ. ಮಂಡಿಯೂರಿದ. ಕೈ ಊರಿದ. ನಿಧಾನವಾಗಿ ಎಲೆಗಳ ಹಾಸಿಗೆಯ ಮೇಲೆ ಅಂಗಾತ ಮಲಗಿ, ಆಕಾಶದಿಂದ ಸುರಿಯುವ ಬಂಗಾರವನ್ನು ನೋಡತೊಡಗಿದ. ನಿವೇದಿತಾ ಪಕ್ಕದಲ್ಲಿ ಕೂತು ಅವನ ಹೊಟ್ಟೆಯ ಮೇಲಿನ ಎಲೆಗಳನ್ನು ಒಂದೊಂದಾಗಿ ಆರಿಸತೊಡಗಿದಳು.

ಜಯರಾಮನಿಗೆ ತಡೆಯಲಾಗಲಿಲ್ಲ. ಫೋನು ಹಿಡಿದು ಓಡಿ ಬಂದ.

"ನೋಡ್ರಪ್ಪ ಕನ್ನಡ ಬಾಂಧವರೇ, ನೋಡಿ! ಯಾರ ಮುಂದೇನೂ ತಲೆ ಬಾಗದ ವೀರ ಇವತ್ತು ಪ್ರಕೃತಿ ಮುಂದೆ ನೆಲಕ್ಕೆ ಬಿದ್ದವನೆ! ಇವತ್ತು ಸ್ಟೇರಿಂಗ್‌ನೂ ತ್ಯಾಗ ಮಾಡಿ, ಹಿಂದಕ್ಕೆ ಹೋಗೋ ಕೆಲಸವ ಹೆಂಡ್ತಿಗೆ ವಹಿಸಿ, ತಾನು ಮಾತ್ರ ವ್ರತ ಕಾಪಾಡ್ಕೊಂಡವನೆ!" ಫೋನನ್ನು ಸಿದ್ಧಾರೂಢನ ಮೂಗಿನ ಹತ್ತಿರ ತಂದ. "ಸಿದ್ದಣ್ಣ, ಹೇಳಿ. ಇಷ್ಟು ವರ್ಷ ನೀವು ಒಂದ್ಸಲನೂ ಹಿಂದಕ್ಕೆ ತಿರುಗಿ ನೋಡ್ಲಿಲ್ಲ. ಇದರ ಹಿಂದಿರೋ ಜೀವನ ದರ್ಶನ ಏನು? ನಮ್ಮ ಮುಂದಿನ ಪೀಳಿಗೆಗೆ ನಿಮ್ಮ ಸಂದೇಶ ಏನು?"

ಗಾಳಿ ಒಂದು ಕ್ಷಣ ನಿಂತಿತು. ಈರವ್ವ ಮೆಟ್ಟಿಲ ಮೇಲಿಂದ ಕಿವಿಗೊಟ್ಟಳು. ನಿವೇದಿತಾ ಎಲೆ ಆರಿಸುವುದನ್ನು ನಿಲ್ಲಿಸಿದಳು. ಸಿದ್ಧಾರೂಢ ತುಟಿಯ ಮೇಲಿದ್ದ ಎಲೆಯನ್ನು ಉಫ್ ಎಂದು ಊದಿದ.

"ಕುತ್ತಿಗಿ ತಿರುಗಂಗಿಲ್ರೀ. ಸಾಲ್ಯಾಗಿದ್ದಾಗ ಕಬಡ್ಡಿ ಆಡೂಮುಂದ ಉಳುಕಿತ್ತು, ಆಟಾ ಬಿಡಸ್ತಾಳಂತ ಅವ್ವಗ ಹೇಳಿದ್ದಿಲ್ಲ. ಅದಿರ್ಲಿ, ಒಂಚೂರು ಕೈ ಕೊಡ್ರಿ, ಏಳಾಕೂ ಬರವಲ್ದು."